ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಎಣ್ಣೆ: ‘ಮಿನಿ’ ಕಾರಿನ ಜನಕ ಇಸಿಗೋನಿಸ್

ಮನೆಯಂಗಳದಲ್ಲೇ ಪುಟ್ಟ ಕಾರಿನ ಎಂಜಿನ್ ಆಯಿಲ್ ಬದಲಿಸುವವರಿಗೆ ಎಂಜಿನ್ನಿನ ಎಣ್ಣೆ ಬೇರೆ, ಗೇರ್‌ಬಾಕ್ಸಿನ ಎಣ್ಣೆ ಬೇರೆ ಎಂಬುದು ಗೊತ್ತಿರುವ ಸಂಗತಿ. ಆದರೆ ಎರಡಕ್ಕೂ ಒಂದೇ ಎಣ್ಣೆ ಸಾಕೆಂದು ನಿರ್ಧರಿಸಿ, ಸಣ್ಣ ಕಾರಿನ ಸ್ವರೂಪವನ್ನೇ ಬದಲಿಸಿದವರು ಸರ್ ಅಲೆಕ್ ಇಸಿಗೋನಿಸ್.

ಅವರು ಜನಿಸಿದ್ದು 1906ರ ನವೆಂಬರ್ 18ರಂದು, ಒಟ್ಟೋಮನ್ ಸಾಮ್ರಾಜ್ಯದ ಸ್ಮಿರ್ನಾ (ಇಂದಿನ ಟರ್ಕಿಯ ಇಜ್ಮಿರ್) ನಗರದಲ್ಲಿ. ತಂದೆ ಗ್ರೀಕ್ ಮೂಲದ ಬ್ರಿಟಿಷ್ ಪ್ರಜೆ, ತಾಯಿ ಜರ್ಮನ್ ಮೂಲದವರು. 1922ರಲ್ಲಿ ಯುದ್ಧದ ಜ್ವಾಲೆ ನಗರವನ್ನು ಆವರಿಸಿದಾಗ ಕುಟುಂಬ ಮಾಲ್ಟಾ ದ್ವೀಪಕ್ಕೆ ಪಾರಾಯಿತು. ಹೆಚ್ಚು ದಿನ ಕಳೆಯುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮತ್ತು ಮಗ ಇಂಗ್ಲೆಂಡ್ ಸೇರಿದರು.

ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಓದುವಾಗ ಅವರು ಗಣಿತದಲ್ಲಿ ಮೂರು ಬಾರಿ ಅನುತ್ತೀರ್ಣರಾದರು. ಗಣಿತ ಕೈಕೊಟ್ಟರೂ ಪೆನ್ಸಿಲ್ ಕೈಹಿಡಿಯಿತು. 1948ರಲ್ಲಿ ಹೊರಬಂದ ಅವರ ಮಾರಿಸ್ ಮೈನರ್, ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಮೊದಲ ಬ್ರಿಟಿಷ್ ಕಾರೆನಿಸಿತು. ಭಾರತದ ರಸ್ತೆಗಳಲ್ಲಿ ಅದು ‘ಬೇಬಿ ಹಿಂದುಸ್ತಾನ್’ ಹೆಸರಿನಲ್ಲಿ ಓಡಾಡಿತು.

1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಕಡಿಮೆ ಇಂಧನ ಕುಡಿಯುವ ಪುಟ್ಟ ಕಾರನ್ನು ರೂಪಿಸುವ ಹೊಣೆ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನಲ್ಲಿದ್ದ ಇಸಿಗೋನಿಸ್ ಹೆಗಲೇರಿತು. ಕೇವಲ 10 ಅಡಿ ಉದ್ದದಲ್ಲಿ ನಾಲ್ವರಿಗೆ ಜಾಗವಾಗಬೇಕಿತ್ತು. ಅವರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸನ್ನು ಅದರ ಕೆಳಗಿನ ಎಣ್ಣೆ ತೊಟ್ಟಿಯೊಳಗೇ ಇಳಿಸಿದರು. 848 ಸಿ.ಸಿ. ಎಂಜಿನ್ನಿನ ‘ಮಿನಿ’ 1959ರ ಆಗಸ್ಟ್ 26ರಂದು ಬಿಡುಗಡೆಯಾಯಿತು.

ಜಾಗವೇನೋ ಉಳಿಯಿತು, ಆದರೆ ಹೊಣೆ ಮಾಲೀಕನ ಮೇಲೆ ಬಿತ್ತು. ಗೇರಿನ ಹಲ್ಲುಗಳ ಒತ್ತಡಕ್ಕೆ ಎಣ್ಣೆ ಬೇಗ ತೆಳುವಾಗುತ್ತದೆ. ಸವೆದ ಲೋಹದ ಪುಡಿ ಅದರಲ್ಲೇ ಬೆರೆಯುತ್ತದೆ. ಅದನ್ನು ಹಿಡಿದಿಡಲೆಂದೇ ಡ್ರೈನ್ ಪ್ಲಗ್‌ನಲ್ಲಿ ಅಯಸ್ಕಾಂತವಿದೆ. ಆದ್ದರಿಂದ ಎಣ್ಣೆ ಬದಲಿಸುವಾಗ ಎಂಜಿನ್ನನ್ನು ತುಸು ಬಿಸಿಮಾಡಿ, ಹಳೆಯದನ್ನು ಪೂರ್ತಿ ಬಸಿದು, ಪ್ಲಗ್ ಒರೆಸಿ, ಫಿಲ್ಟರ್ ಬದಲಿಸಿ, 5 ಲೀಟರಿಗೆ ತುಸು ಕಡಿಮೆ ಹೊಸ ಎಣ್ಣೆ ತುಂಬಬೇಕು. ಉದಾಸೀನ ಮಾಡಿದರೆ ಎಂಜಿನ್ ಮಾತ್ರವಲ್ಲ, ಗೇರ್‌ಬಾಕ್ಸೂ ಹಾಳು.

ಈ ತೊಡಕಿಗೆ ಇಟಲಿಯ ದಾಂತೆ ಜಕೋಸಾ ಪರಿಹಾರ ಕಂಡರು. 1964ರ ಆಟೋಬಿಯಾಂಕಿ ಪ್ರಿಮುಲಾ ಕಾರಿನಲ್ಲಿ ಅಡ್ಡ ಎಂಜಿನ್ನಿನ ಪಕ್ಕಕ್ಕೆ ಗೇರ್‌ಬಾಕ್ಸ್ ಬಂತು, ಎಣ್ಣೆ ಬೇರೆಯಾಯಿತು. 1983ರಲ್ಲಿ ಭಾರತಕ್ಕೆ ಬಂದ ಮಾರುತಿ 800 ಕೂಡ ಇದೇ ಬಗೆಯದು.

1969ರಲ್ಲಿ ‘ಸರ್’ ಪದವಿ ಪಡೆದ ಇಸಿಗೋನಿಸ್ 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಧನರಾದರು. 2000ದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಮಿನಿಗಳು ರಸ್ತೆಗಿಳಿದಿದ್ದವು. ಒಂದೇ ಎಣ್ಣೆಯ ಏರ್ಪಾಡು ಹಿಂದೆ ಸರಿಯಿತು. ಆದರೆ ಅವರು ಅಡ್ಡಲಾಗಿ ಕೂರಿಸಿದ ಎಂಜಿನ್ ಇಂದಿಗೂ ಬಹುಪಾಲು ಪೆಟ್ರೋಲ್, ಡೀಸೆಲ್ ಸಣ್ಣ ಕಾರುಗಳ ಬಾನೆಟ್ ಕೆಳಗಿದೆ.