ಸಸಿ ಮಾರುತ್ತಾ ಹಾಡು ಹೊತ್ತು ತಂದ ಎ.ಪಿ. ಕಾರ್ಟರ್

ಅಮೆರಿಕದ ಗುಡ್ಡಗಾಡಿನ ಹಳೇ ಜನಪದ ಹಾಡು ಇವತ್ತು ಮೊಬೈಲಿನಲ್ಲೂ ಸಿಗುತ್ತೆ ಅಂದರೆ ಅದರ ಹಿಂದೆ ಒಬ್ಬ ಸಸಿ ವ್ಯಾಪಾರಿಯ ಅಲೆದಾಟ ಇದೆ. ಹೆಸರು ಎ.ಪಿ. ಕಾರ್ಟರ್. 1891ರಲ್ಲಿ ವರ್ಜೀನಿಯಾ ರಾಜ್ಯದ ಪೂರ್ ವ್ಯಾಲಿಯಲ್ಲಿ ಹುಟ್ಟಿದವ. ಊರಿನ ಹೆಸರಲ್ಲೇ ಬಡತನ. ಹಣ್ಣಿನ ಸಸಿ ಮಾರುತ್ತಾ ಹಳ್ಳಿ ಹಳ್ಳಿ ತಿರುಗುವಾಗ ಸಾರಾ ಎಂಬ ಹುಡುಗಿಯ ಹಾಡು ಕಿವಿಗೆ ಬಿತ್ತು. 1915ರಲ್ಲಿ ಇಬ್ಬರಿಗೂ ಮದುವೆ.

1927ರ ಆಗಸ್ಟ್‌ನಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪೀರ್ ಬ್ರಿಸ್ಟಲ್ ಪಟ್ಟಣಕ್ಕೆ ರೆಕಾರ್ಡಿಂಗ್ ಮಷೀನು ತಂದಿದ್ದ. ಒಂದು ಹಾಡಿಗೆ 50 ಡಾಲರ್. ಎ.ಪಿ., ಸಾರಾ ಮತ್ತು ತಮ್ಮನ ಹೆಂಡತಿ ಮೇಬೆಲ್ ಕಾರು ಹತ್ತಿದರು. ಮೇಬೆಲ್ ಆಗ ತುಂಬು ಗರ್ಭಿಣಿ. ಎರಡು ದಿನದಲ್ಲಿ ಆರು ಹಾಡು ಮುಗಿದವು. ಸಾರಾಳ ದನಿ, ಮೇಬೆಲ್‌ಳ ಗಿಟಾರ್. ಎ.ಪಿ. ಮನಸ್ಸಾದಾಗ ನಡುವೆ ದನಿ ಸೇರಿಸುತ್ತಿದ್ದ, ಅಷ್ಟೇ.

ಪ್ಲೇಟುಗಳು ಚೆನ್ನಾಗಿ ಮಾರಾಟವಾದವು. ಕಂಪನಿ ಇನ್ನಷ್ಟು ಹಾಡು ಕೇಳಿತು. ಎ.ಪಿ. ಮತ್ತೆ ತಿರುಗಾಟಕ್ಕೆ ಹೊರಟ. ಈ ಸಲ ಜೊತೆಗೆ ಲೆಸ್ಲಿ ರಿಡಲ್. ಕಪ್ಪು ಜನಾಂಗದ ಗಿಟಾರ್ ವಾದಕ, ಸಿಮೆಂಟ್ ಫ್ಯಾಕ್ಟರಿ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡವ. ಕರಿಯರು ಬಿಳಿಯರು ಒಂದೇ ಕಡೆ ಕೂತು ಉಣ್ಣಲೂ ಬಿಡದ ಕಾಲ ಅದು. ಎ.ಪಿ. ಪದ ಬರೆದುಕೊಳ್ಳುತ್ತಿದ್ದ, ರಿಡಲ್ ಧಾಟಿ ತಲೆಯಲ್ಲಿ ಇಟ್ಟುಕೊಂಡು ಬರುತ್ತಿದ್ದ. ನಮ್ಮ ಬೀಸೋ ಕಲ್ಲಿನ ಪದಗಳಂಗೆ ಆ ಹಾಡುಗಳಿಗೂ ಹೆಚ್ಚಿನವಕ್ಕೆ ಕರ್ತೃ ಯಾರಂತ ಗೊತ್ತಿಲ್ಲ. ಪ್ಲೇಟಿನ ಮೇಲೆ ಮಾತ್ರ ಬರೆದವರು ಎ.ಪಿ. ಕಾರ್ಟರ್ ಅಂತ ಅಚ್ಚಾಯಿತು. ರಿಡಲ್ ಹೆಸರು ಎಲ್ಲೂ ಬರಲಿಲ್ಲ. ವ್ಯವಹಾರ ಅಂದರೂ ಇದು ಅನ್ಯಾಯವೇ.

ಇತ್ತ ಮನೆಯಲ್ಲಿ ಮೂರು ಮಕ್ಕಳು, ದುಡಿಮೆ ಎಲ್ಲಾ ಸಾರಾ ತಲೆ ಮೇಲೆ. 1933ರಲ್ಲಿ ಆಕೆ ಮನೆ ಬಿಟ್ಟಳು, 1936ರಲ್ಲಿ ವಿಚ್ಛೇದನ. ಮೂರು ವರ್ಷಕ್ಕೆ ಎ.ಪಿ.ಯ ತಾಯಿಯ ಕಡೆಯ ಸಂಬಂಧಿ ಕಾಯ್ ಬೇಯ್ಸ್‌ನನ್ನೇ ಮದುವೆಯಾದಳು. ಆದರೂ ಹಾಡು ನಿಲ್ಲಲಿಲ್ಲ. ಮೆಕ್ಸಿಕೊ ಗಡಿಯ ರೇಡಿಯೋದಲ್ಲಿ ಒಂದೇ ಮೈಕಿನ ಮುಂದೆ ಇಬ್ಬರೂ ನಿಂತು ಹಾಡಿದರು.

1943ರಲ್ಲಿ ತಂಡ ಮುರಿಯಿತು. ಎ.ಪಿ. ಊರಿಗೆ ವಾಪಸ್ ಬಂದು ದಿನಸಿ ಅಂಗಡಿ ಇಟ್ಟ. 1960ರ ನವೆಂಬರ್ 7ರಂದು ತೀರಿಕೊಂಡ. ಐದು ವರ್ಷದ ನಂತರ ಗಾಯಕ ಮೈಕ್ ಸೀಗರ್, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿದ್ದ ರಿಡಲ್‌ನನ್ನು ಹುಡುಕಿ, ಅವನ ದನಿಯನ್ನೂ ರೆಕಾರ್ಡ್ ಮಾಡಿದ. 1974ರಲ್ಲಿ ಮಗಳು ಜಾನೆಟ್ ಅಪ್ಪನ ಅಂಗಡಿಯಲ್ಲೇ ಜನರನ್ನು ಕೂರಿಸಿ ಹಾಡು ಶುರುಮಾಡಿದಳು. ಆ ಅಂಗಡಿ ಈಗ ಮ್ಯೂಸಿಯಂ.