ಕಿವಿಗೊಟ್ಟು ಕೇಳಿದ ಕಿಟ್ಟೆಲನು

ನೆರೆಯವನನ್ನು ಪ್ರೀತಿಸುತ್ತೇನೆಂದು ಹೇಳಿಕೊಂಡು, ಅವನ ಮಾತು ಮುಗಿಯುವದಕ್ಕೆ ಮುಂಚೆಯೇ ಬಾಯಿಹಾಕುವವರು ನಮ್ಮ ಸಭೆಗಳಲ್ಲಿ ಬಹುಮಂದಿ ಇದ್ದಾರೆ. ಇದನ್ನು ಬರೆಯುವವನೂ ಅವರೊಳಗೊಬ್ಬನು. ಆದಕಾರಣ ಬಾಳಿನ ಅನೇಕ ವರುಷಗಳನ್ನು ಕನ್ನಡಿಗರ ಮಾತು ಕೇಳುವದರಲ್ಲಿ ಕಳೆದ ಒಬ್ಬ ಪರದೇಶಸ್ಥನ ಚರಿತ್ರೆಯನ್ನು ಇಲ್ಲಿ ಅರುಹುವೆವು.

ಫೆರ್ಡಿನಂಡ್ ಕಿಟ್ಟೆಲನು 1832ನೆಯ ಇಸವಿ ಏಪ್ರಿಲ್ 7ರಲ್ಲಿ ಜರ್ಮನಿ ದೇಶದಲ್ಲಿ ಒಬ್ಬ ಸಭಾಪಾಲಕನ ಹಿರಿಯ ಮಗನಾಗಿ ಹುಟ್ಟಿದನು. ಇಬ್ರಿಯ, ಗ್ರೀಕ್, ಲತೀನ್ ಭಾಷೆಗಳನ್ನು ಬಲ್ಲವನಾಗಿ, ಬಾಸೆಲ್ ಪಟ್ಟಣದ ಮಿಶನ್ ಶಾಲೆಯಲ್ಲಿ ಕಲಿತು, 1853ರಲ್ಲಿ ನಮ್ಮ ದೇಶಕ್ಕೆ ಬಂದನು. ಆಗ ಅವನಿಗೆ ಇಪ್ಪತ್ತೊಂದು ವರುಷ.

ಹೊಸ ಬೋಧಕನಿಂದ ಜನರು ಎದುರುನೋಡುವದು ಪ್ರಸಂಗವನ್ನು. ಕಿಟ್ಟೆಲನಾದರೋ ಮೊದಲು ಕೇಳುವವನಾದನು. ಧಾರವಾಡದ ಸೀಮೆಯಲ್ಲಿ ಕಾಲ್ನಡೆಯಾಗಿ ತಿರುಗಿ ಜನರ ಮಾತಿಗೆ ಕಿವಿಗೊಟ್ಟನು. ಅಪೊಸ್ತಲನಾದ ಪೌಲನ ಮಾದರಿಯಂತೆ ಭಾರತೀಯರೊಳಗೆ ಭಾರತೀಯನಾಗಿರಬೇಕೆಂಬದು ಅವನ ನಿಶ್ಚಯವಾಗಿತ್ತು. ಇದು ಅವನ ಸ್ವಂತ ಮಿಶನಿನವರಿಗೆ ಹಿಡಿಸಲಿಲ್ಲ. ಅವನನ್ನು ಹೊರಗಿನವನಂತೆ ಕಂಡರು. ಮನೆಯಲ್ಲಿಯೂ ದುಃಖ ಬಂತು: ಪತ್ನಿಯಾದ ಪೌಲೀನಳು ಮದುವೆಯಾದ ಕೆಲವೇ ವರುಷಗಳಲ್ಲಿ ತೀರಿಕೊಂಡಳು. ಅವನು ಕೆಲಸವನ್ನು ಬಿಡಲಿಲ್ಲ.

ಆ ಕೆಲಸವು ಯಾವದಂದರೆ, ಕನ್ನಡ-ಇಂಗ್ಲಿಷ್ ನಿಘಂಟು. ಕವಿಗಳ ಗ್ರಂಥಗಳಲ್ಲಿರುವ ಶಬ್ದಗಳನ್ನು ಕೂಡಿಸುವದಕ್ಕೆ ಪಾಂಡಿತ್ಯ ಸಾಕು. ಆದರೆ ನೊಗ, ಮೇಳಿ, ಕುಂಟೆ, ಮೊರ, ಒರಳು ಎಂಬ ಮಾತುಗಳನ್ನು ತಿಳಿಯಬೇಕಾದರೆ ಒಕ್ಕಲಿಗನ ಬಳಿಯಲ್ಲಿ ಶಿಷ್ಯನಾಗಿ ನಿಲ್ಲಬೇಕಷ್ಟೆ. ಕಿಟ್ಟೆಲನು ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಶೋಧಿಸಿ ಅಚ್ಚುಹಾಕಿಸಿದ ದೊಡ್ಡ ವಿದ್ವಾಂಸನು; ಆದರೂ ಓದುಬರಹವಿಲ್ಲದವರ ಗಾದೆಗಳನ್ನು ತುಚ್ಛವಾಗಿ ಎಣಿಸಲಿಲ್ಲ. ಅವುಗಳನ್ನು ಕವಿವಾಕ್ಯಗಳ ಪಕ್ಕದಲ್ಲಿಯೇ, ಅದೇ ಪುಟದಲ್ಲಿ, ಅದೇ ಜಾಗರೂಕತೆಯಿಂದ ಕೂರಿಸಿದನು. ಮೈಸೂರು ಸೀಮೆಯ ಮಾತಿಗೆ ಆ ಸೀಮೆಯ ಗುರುತನ್ನು ಹಾಕಿದನು. ಚನ್ನಪಟ್ಟಣದ ಬೈರಾಪಟ್ಟಣದಲ್ಲಿ ಒಬ್ಬ ಮುದುಕಿಯು ರಾಗಿ ಕೇರುವದಕ್ಕೆ ಮೊರ ತಾರೆಂದರೆ, ಆಕೆಯ ಮಾತಿಗೂ ಆ ಪುಸ್ತಕದಲ್ಲಿ ಸ್ಥಳವುಂಟು. ಆಕೆಯ ಮಾತನ್ನು ಅವಳ ಸ್ವಂತ ಮಕ್ಕಳು ಅಷ್ಟು ಲಕ್ಷ್ಯಕೊಟ್ಟು ಕೇಳುವರೋ ಎಂಬದು ನಮ್ಮ ಸಂದೇಹ.

1877ರಲ್ಲಿ ಅವನು ಸ್ವದೇಶಕ್ಕೆ ತಿರುಗಿಹೋದನು. ಅಲ್ಲಿಯೇ ಕುಳಿತು ಗ್ರಂಥವನ್ನು ಮುಗಿಸಬಹುದಾಗಿತ್ತು. ಆದರೆ ಮಾತನಾಡುವವರಿಂದ ದೂರವಿದ್ದು ಮಾತಿನ ಅರ್ಥವನ್ನು ನಿಶ್ಚಯಿಸುವದು ಹೇಗೆ? 1883ರಲ್ಲಿ, ಐವತ್ತು ದಾಟಿದವನಾಗಿ, ಪುನಃ ಕಡಲುದಾಟಿ ಬಂದನು. ಕಣ್ಣುಗಳು ಮಂದವಾಗುತ್ತಾ ಬಂದವು. ಕಡೆಗೆ 1894ರಲ್ಲಿ, ಸುಮಾರು 70,000 ಶಬ್ದಗಳುಳ್ಳ ನಿಘಂಟು ಮಂಗಳೂರಿನ ಮಿಶನ್ ಮುದ್ರಾಲಯದಿಂದ ಹೊರಬಂತು. ಎರಡು ವರುಷಗಳ ತರುವಾಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವನಿಗೆ ಪಂಡಿತಪದವಿಯನ್ನು ಕೊಟ್ಟಿತು.

ಮುಪ್ಪಿನಲ್ಲಿಯೂ ಅವನ ಲಕ್ಷ್ಯವೆಲ್ಲಾ ಕನ್ನಡದ ಮೇಲೆಯೇ ಇತ್ತು. ಅವನ ಕನ್ನಡ ವ್ಯಾಕರಣವು 1903ರಲ್ಲಿ ಪ್ರಕಟವಾಯಿತು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ, ಟ್ಯೂಬಿಂಗೆನ್ ಪಟ್ಟಣದಲ್ಲಿ, ಕಿಟ್ಟೆಲನು ಕರ್ತನಲ್ಲಿ ನಿದ್ರೆಹೋದನು. ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕನ್ನಡಿಗರು ಅವನ ಪ್ರತಿಮೆಯನ್ನು ನಿಲ್ಲಿಸಿದ್ದಾರೆ. ಊರಿನಿಂದ ಆ ಕಡೆಗೆ ಹೋದವರು ಅದನ್ನು ಕಾಣಬಹುದು.