ಕಡಲ ಲೆಕ್ಕ ಬಿಡಿಸಿದ ಐಸಾಕ್ ನ್ಯೂಟನ್



ನಮ್ಮ ಸರಗೂರಿನಲ್ಲಿ ಕಪಿಲಾ ನದಿ ಇದೆ, ಸಮುದ್ರ ಇಲ್ಲ. ನಾನು ಸಮುದ್ರ ನೋಡೇ ಇಲ್ಲ. ಆದರೂ ಮಂಗಳೂರು, ಕಾರವಾರದಲ್ಲಿ ಸಮುದ್ರದ ನೀರು ದಿನಕ್ಕೆ ಎರಡು ಸಲ ಯಾಕೆ ಉಬ್ಬಿ ಇಳಿಯುತ್ತೆ ಅಂತ ಈಗ ಗೊತ್ತು. ಅದನ್ನು ಗುರುತ್ವಾಕರ್ಷಣೆಯಿಂದ ವಿವರಿಸಿದವರು ಐಸಾಕ್ ನ್ಯೂಟನ್‌ರವರು.

ಅವರು ಇಂಗ್ಲೆಂಡಿನ ವೂಲ್ಸ್‌ತೋರ್ಪ್ ಎಂಬ ಹಳ್ಳಿಯಲ್ಲಿ, ಅಲ್ಲಿನ ಹಳೇ ಕ್ಯಾಲೆಂಡರಿನಂತೆ 1642ರ ಡಿಸೆಂಬರ್ 25ರಂದು ಜನಿಸಿದರು. ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದರು. ಮೂರು ವರ್ಷವಾದಾಗ ತಾಯಿ ಇನ್ನೊಂದು ಮದುವೆಯಾಗಿ ಹೋದರು. ಅಜ್ಜಿಯೇ ಸಾಕಿದರು. ಮುಂದೆ ತಾಯಿ ವಾಪಸ್ ಬಂದು, ಮಗನನ್ನು ಶಾಲೆ ಬಿಡಿಸಿ ಹೊಲ, ಕುರಿ ನೋಡಿಕೊಳ್ಳಲು ಹಾಕಿದರು. ಅವರಿಗೆ ಆ ಕೆಲಸದಲ್ಲಿ ಮನಸ್ಸೇ ಇರಲಿಲ್ಲ. ಶಾಲೆಯ ಮೇಷ್ಟ್ರು ಮತ್ತು ಸೋದರಮಾವ ತಾಯಿಯನ್ನು ಒಪ್ಪಿಸಿ ಮತ್ತೆ ಶಾಲೆಗೆ ಸೇರಿಸಿದರು.

1661ರಲ್ಲಿ ಕೇಂಬ್ರಿಡ್ಜಿಗೆ ಹೋದರು. 1665ರಲ್ಲಿ ಪ್ಲೇಗ್ ಬಂದು ಕಾಲೇಜು ಮುಚ್ಚಿತು. ಊರಿಗೆ ಬಂದವರು ಸುಮ್ಮನೆ ಕೂರಲಿಲ್ಲ. ಸೇಬು ಬೀಳುವುದನ್ನು ಕಂಡು, ಈ ಸೆಳೆತ ಚಂದ್ರನವರೆಗೂ ಇರುತ್ತಾ ಅಂತ ಯೋಚಿಸಿದರು. 1687ರಲ್ಲಿ ಅವರ ಪ್ರಿನ್ಸಿಪಿಯಾ ಗ್ರಂಥ ಅಚ್ಚಾಯಿತು. ದೂರ ಎರಡರಷ್ಟಾದರೆ ಸೆಳೆತ ನಾಲ್ಕರಲ್ಲಿ ಒಂದು ಭಾಗ ಆಗುತ್ತೆ ಎಂಬುದು ಅವರ ನಿಯಮ.

ಇದನ್ನು ನಮ್ಮ ಮೇಷ್ಟ್ರು ಆಟದ ಬಯಲಲ್ಲಿ ಮಾಡಿಸಿ ತೋರಿಸಿದರು. ಒಬ್ಬ ಹುಡುಗ ಚಂದ್ರನಾದ. ಅವನಿಂದ 59, 60, 61 ಹೆಜ್ಜೆ ದೂರದಲ್ಲಿ ಮೂವರು ಸಾಲಾಗಿ ನಿಂತೆವು. ಒಂದು ಹೆಜ್ಜೆ ಅಂದ್ರೆ ಭೂಮಿಯ ನಡುವಿನಿಂದ ಮೇಲಿನವರೆಗಿನ ದೂರ. 59ರಲ್ಲಿ ನಿಂತವನು ಚಂದ್ರನ ಕಡೆಯ ನೀರು, 60ರಲ್ಲಿ ನಾನು ಭೂಮಿಯ ನಡು, 61ರವಳು ಆಚೆ ಕಡೆಯ ನೀರು. ಈ ಸಂಖ್ಯೆಗಳ ವರ್ಗ 3481, 3600, 3721. ನನ್ನ ಮೇಲಿನ ಸೆಳೆತ 1000 ಅಂತ ಇಟ್ಟುಕೊಂಡು ಭಾಗಿಸಿದಾಗ ಅವನಿಗೆ 1034, ಅವಳಿಗೆ 967 ಬಂತು. ಅಷ್ಟಷ್ಟು ಮಿಲಿಮೀಟರ್ ಟೇಪಿನಲ್ಲಿ ಅಳೆದು ಚಂದ್ರನ ಕಡೆ ಸರಿದೆವು. ಅವನು ನನಗಿಂತ ಮುಂದೆ ಹೋದ, ಅವಳು ಹಿಂದೆ ಉಳಿದಳು. ನನ್ನ ಎರಡೂ ಕಡೆ ಜಾಗ ಮೂರು ಸೆಂಟಿಮೀಟರಿಗಿಂತ ಜಾಸ್ತಿ ಆಯ್ತು. ಅದೇ ಎರಡು ಉಬ್ಬು! ಭೂಮಿ ತಿರುಗುವಾಗ ಒಂದೇ ಊರಿಗೆ ಎರಡೂ ಉಬ್ಬು ಸಿಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಸೂರ್ಯನ ಸೆಳೆತವೂ ಸೇರಿ ಉಬ್ಬರ ಹೆಚ್ಚುತ್ತದೆ.

ನ್ಯೂಟನ್‌ರವರು 1727ರಲ್ಲಿ, 84ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೋದ ವರ್ಷ ದನ ಕಾಯೋಕೆ ಅಂತ ನನ್ನನ್ನೂ ಶಾಲೆ ಬಿಡಿಸಿದ್ದರು. ಮೇಷ್ಟ್ರು ಮನೆಗೆ ಬಂದು ಅಪ್ಪನ ಹತ್ತಿರ ಮಾತಾಡಿದ್ದಕ್ಕೇ ನಾನು ಆ 60ನೇ ಹೆಜ್ಜೆಯಲ್ಲಿ ನಿಂತೆ. ನಮ್ಮ ತರಗತಿಯ ಇಬ್ಬರು ಇನ್ನೂ ಬಂದಿಲ್ಲ. ಅವರನ್ನೂ ಕರೆದುಕೊಂಡು ಬರೋಣ.

– 7ನೇ ತರಗತಿ ವಿದ್ಯಾರ್ಥಿ